ಪದ ಪರಿಚಯ: ಸಂಶಯವಾದಿ

ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಮಲಯಾಳ ಅಚ್ಚಾದ ಕರಪತ್ರಗಳು ಕಾಸರಗೋಡಿನವರಿಗೆ ಹೊಸತಲ್ಲ. ಇತ್ತೀಚೆಗೆ ನಮ್ಮ ಕಡೆಯ ಒಂದು ಚರ್ಚಾಕೂಟಕ್ಕೆಂದು ಹಂಚಿದ ಕರಪತ್ರದಲ್ಲಿ ಮಲಯಾಳದ ‘ಯುಕ್ತಿವಾದಿ’ (ನಮ್ಮ ವಿಚಾರವಾದಿ) ಕನ್ನಡಕ್ಕೆ ಬರುವಾಗ ‘ಸಂಶಯವಾದಿ’ಯಾಗಿದ್ದರು, ಅದೇ ಹಾಳೆಯ ಕೊನೆಯ ಸಾಲಿನಲ್ಲಿ ‘ನಾಸ್ತಿಕ ಚಿಂತಕ’ರಾಗಿದ್ದರು, ಸಭೆಯಲ್ಲಿ ಸ್ವಾಗತಿಸಿದವರ ಬಾಯಲ್ಲಿ ‘ಅವಿಶ್ವಾಸಿ’ಯೂ ಆದರು. ನಾಲ್ಕು ಪದಗಳಿಗೆ ನಾಲ್ಕು ಬೇರೆ ಬೇರೆ ಅರ್ಥಗಳಿರುವಾಗ ಒಬ್ಬರೇ ಭಾಷಣಕಾರರು ಒಂದೇ ಸಂಜೆ ನಾಲ್ಕೂ ಆಗುವುದು ಹೇಗೆಂದು ಯಾರೂ ಕೇಳಲಿಲ್ಲ. ಇಂಥದ್ದನ್ನು ಮತ್ತೆ ಮತ್ತೆ ಕಂಡ ಮೇಲೆ, ಈ ನಾಲ್ಕರಲ್ಲಿ ಹೆಚ್ಚು ಕೆಟ್ಟ ಹೆಸರು ಹೊತ್ತಿರುವ ‘ಸಂಶಯವಾದಿ’ಯ ಬಗ್ಗೆ ಬರೆಯುವುದು ಅಗತ್ಯವೆನಿಸಿತು.

‘ಸಂಶಯ’ ಬಂದಿರುವುದು ಸಂಸ್ಕೃತದ ‘ಶೀ’ ಧಾತುವಿನಿಂದ. ಮಲಗು, ಒರಗು ಎಂಬುದು ಅದರ ಅರ್ಥ. ಶಯನ, ಶಯ್ಯೆ, ಆಶಯ ಎಲ್ಲವೂ ಆ ಧಾತುವಿನವೇ. ಅರಿವು ಎದ್ದು ಒಂದು ಕಡೆಗೆ ಹೊರಡದೆ ಎರಡು ಪಕ್ಷಗಳ ನಡುವೆ ಒರಗಿಕೊಂಡಿರುವ ಸ್ಥಿತಿಯೇ ಸಂಶಯ. ನಮ್ಮ ತರ್ಕಶಾಸ್ತ್ರದಲ್ಲಿ ಈ ಸ್ಥಿತಿಗಿದ್ದ ಗೌರವವನ್ನು ಇಂದಿನ ಬಳಕೆ ಪೂರ್ತಿಯಾಗಿ ಮರೆತಿದೆ. ತರ್ಕದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರವು ಎಣಿಸುವ 16 ಪದಾರ್ಥಗಳಲ್ಲಿ, ಅಂದರೆ ವಿಚಾರದ ವಿಷಯಗಳಲ್ಲಿ, ಪ್ರಮಾಣ (ಅರಿಯುವ ಸಾಧನ) ಮತ್ತು ಪ್ರಮೇಯ (ಅರಿಯಬೇಕಾದದ್ದು) ಆದ ಕೂಡಲೇ ಮೂರನೆಯದಾಗಿ ಬರುವುದು ಸಂಶಯ. ಅದರ ಲಕ್ಷಣವನ್ನು ಹೇಳುವ ಸೂತ್ರ ‘ವಿಶೇಷಾಪೇಕ್ಷೋ ವಿಮರ್ಶಃ ಸಂಶಯಃ’ ಎಂದು ಮುಗಿಯುತ್ತದೆ, ಅಂದರೆ ನಿರ್ಣಯಕ್ಕೆ ಬೇಕಾದ ವಿಶೇಷ ಗುರುತನ್ನು ಎದುರುನೋಡುತ್ತಿರುವ ವಿಮರ್ಶೆಯೇ ಸಂಶಯ. ಮುಸ್ಸಂಜೆಯಲ್ಲಿ ದೂರಕ್ಕೆ ಕಾಣುವುದು ಮರದ ಮೋಟೋ ಮನುಷ್ಯನೋ ಎಂಬ ಹಳೆಯ ಉದಾಹರಣೆಯಲ್ಲಿ ಎತ್ತರವೂ ಗಾತ್ರವೂ ಎರಡಕ್ಕೂ ಹೊಂದುತ್ತವೆ, ಕೈಕಾಲು ಕಂಡರೆ ಮನುಷ್ಯ, ಪೊಟರೆ ಕಂಡರೆ ಮೋಟು. ಅಲ್ಲಿಯವರೆಗೆ ಎರಡರಲ್ಲಿ ಒಂದೆಂದು ಹೇಳುವುದು ಅವಸರ. ಭಾಷ್ಯಕಾರ ವಾತ್ಸ್ಯಾಯನನು ಇನ್ನೂ ಮುಂದೆ ಹೋಗಿ, ಏನೂ ತಿಳಿಯದ ವಿಷಯದಲ್ಲಾಗಲಿ ಆಗಲೇ ನಿರ್ಣಯವಾದ ವಿಷಯದಲ್ಲಾಗಲಿ ನ್ಯಾಯ, ಅಂದರೆ ತರ್ಕದ ಪರೀಕ್ಷೆ, ತೊಡಗುವುದಿಲ್ಲ, ಸಂಶಯವಿರುವಲ್ಲಿ ಮಾತ್ರ ತೊಡಗುತ್ತದೆ ಎನ್ನುತ್ತಾನೆ. ಪರಸ್ಪರ ವಿರುದ್ಧವಾದ ಮಾತುಗಳಿಂದ ಸಂಶಯ ಹುಟ್ಟುವುದಕ್ಕೆ ಅವನೇ ಕೊಡುವ ಉದಾಹರಣೆಯೆಂದರೆ, ಆತ್ಮ ಇದೆ ಎನ್ನುವುದು ಒಂದು ದರ್ಶನ, ಇಲ್ಲ ಎನ್ನುವುದು ಇನ್ನೊಂದು. ಅಸ್ತಿ ಎಂಬುದೂ ನಾಸ್ತಿ ಎಂಬುದೂ ಇಲ್ಲಿ ನಿರ್ಣಯಗಳು. ಸಂಶಯ ಎರಡಕ್ಕೂ ಹಿಂದಿನದು. ಸಂಶಯವಾದಿಯನ್ನು ನಾಸ್ತಿಕನೆನ್ನುವವರಿಗೆ ಈ ಒಂದು ಉದಾಹರಣೆಯೇ ಸಾಕಾಗಬೇಕಿತ್ತು.

ಕನ್ನಡದಲ್ಲಿ ಈ ಪದ ಕೆಟ್ಟದ್ದಕ್ಕೆ ಪಕ್ಕದ ಪದವೂ ಕಾರಣ. ಶಾಸ್ತ್ರದಲ್ಲಿ ‘ಅನುಮಾನ’ ಎಂದರೆ ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ಖಚಿತವಾಗಿ ತಿಳಿಯುವ ಪ್ರಮಾಣ. ಕನ್ನಡದಲ್ಲಿ ಅದು ಖಚಿತವಿಲ್ಲದಿರುವುದಕ್ಕೆ, ಅದಕ್ಕಿಂತ ಹೆಚ್ಚಾಗಿ ಗುಮಾನಿಗೆ ಹೆಸರಾಯಿತು. ಮನೆಗೆಲಸದವರ ಮೇಲೆ ಅನುಮಾನ, ಹೆಂಡತಿಯ ಮೇಲೆ ಅನುಮಾನ ಎಂದು ಬಳಸಿ ಬಳಸಿ ಅದರ ಜೊತೆಗಾರನಾದ ಸಂಶಯಕ್ಕೂ ಅದೇ ಬಣ್ಣ ಹತ್ತಿತು. ಗೀತೆಯ ‘ಸಂಶಯಾತ್ಮಾ ವಿನಶ್ಯತಿ’ ಉಳಿದ ಮರ್ಯಾದೆಯನ್ನೂ ಕಳೆಯಿತು. ಆ ಮಾತು ನಾಲ್ಕನೆಯ ಅಧ್ಯಾಯದ 40ನೆಯ ಶ್ಲೋಕದ್ದು. ಆರೇ ಶ್ಲೋಕಗಳ ಹಿಂದೆ, ಜ್ಞಾನವನ್ನು ಪಡೆಯುವ ದಾರಿಗಳಲ್ಲಿ ‘ಪರಿಪ್ರಶ್ನ’ವೂ ಒಂದೆಂದು ಹೇಳಿರುವುದನ್ನು ಭಾಷಣಗಳಲ್ಲಿ ಯಾರೂ ಉದ್ಧರಿಸುವುದಿಲ್ಲ. ಗಡಿಯಲ್ಲಿರುವ ನಮಗೆ ಒಂದು ಅನುಕೂಲವಿದೆ. ಮಲಯಾಳ ಮಾಧ್ಯಮದ ತರಗತಿಯಲ್ಲಿ ಪಾಠ ಮುಗಿಸಿದ ಮಾಸ್ತರರು ‘ಸಂಶಯಂ ಉಂಡೋ’ ಎಂದು ಕೇಳಿದರೆ ಮಕ್ಕಳು ಧೈರ್ಯವಾಗಿ ಕೈ ಎತ್ತುತ್ತಾರೆ. ಪಕ್ಕದ ಕನ್ನಡ ಮಾಧ್ಯಮದಲ್ಲಿ ಅದೇ ಪ್ರಶ್ನೆ ‘ಡೌಟ್ ಉಂಟಾ’ ಎಂದಾಗಿದೆ, ಏಕೆಂದರೆ ಕನ್ನಡದಲ್ಲಿ ‘ಸಂಶಯ ಉಂಟಾ’ ಎಂದರೆ ಮಾಸ್ತರರ ಮೇಲೆಯೇ ಏನೋ ದೂರು ಇರುವಂತೆ ಕೇಳಿಸುತ್ತದೆ.

ಈ ‘ಮೇಲೆ’ ಎಂಬುದನ್ನು ಸ್ವಲ್ಪ ಗಮನಿಸಬೇಕು. ‘ನನಗೆ ಅವನ ಮೇಲೆ ಸಂಶಯ’ ಮತ್ತು ‘ನನಗೆ ಆ ವಿಷಯದಲ್ಲಿ ಸಂಶಯ’ ಎಂಬ ವಾಕ್ಯಗಳಲ್ಲಿ ಪದ ಒಂದೇ ಆದರೂ ಅರ್ಥ ಬೇರೆ. ಮೊದಲನೆಯದು ಆರೋಪ, ಎರಡನೆಯದು ವಿಚಾರಣೆ. ಮಂಜೇಶ್ವರ, ಕಯ್ಯಾರು, ಬೇಳದ ಕಡೆ ಕೊಂಕಣಿ ಕ್ರೈಸ್ತ ಗೆಳೆಯರಿರುವ ಎಲ್ಲ ಸಂಶಯವಾದಿಗಳಿಗೂ ಇದರ ಅನುಭವವಿರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ದಿನ ಹೊಸ ತೆನೆಯ ಅಕ್ಕಿಯ ಪಾಲನ್ನು ಮನೆಯವರೆಲ್ಲ ಹಂಚಿಕೊಂಡಾದ ಮೇಲೆ ಬಾಳೆಲೆಯಲ್ಲಿ ಬರಿಯ ತರಕಾರಿಯ ಊಟ ನಡೆಯುತ್ತಿರುವಾಗ, “ನೀನು ನಾಸ್ತಿಕ ಅಲ್ವಾ ಮಾರಾಯ, ಊಟಕ್ಕೆ ಮಾತ್ರ ಸರಿಯಾಗಿ ಬರ್ತೀಯಲ್ಲ” ಎಂದು ಗೆಳೆಯ ತಮಾಷೆ ಮಾಡುತ್ತಾನೆ. ನಾಸ್ತಿಕನಲ್ಲ, ಕೆಲವು ಸಂಶಯಗಳಿವೆ ಎಂದರೆ, “ಯಾರ ಮೇಲೆ ಸಂಶಯ ನಿನಗೆ? ನಮ್ಮ ಮೇಲೆಯಾ, ಪಾದ್ರಿಗಳ ಮೇಲೆಯಾ?” ಎಂಬ ಪ್ರಶ್ನೆ ಬರುತ್ತದೆ. ಯಾರ ಮೇಲೂ ಇಲ್ಲ, ಕೆಲವು ಹೇಳಿಕೆಗಳಲ್ಲಿ ಇದೆ ಎಂಬ ಉತ್ತರ ವ್ಯಾಕರಣದ ತಕರಾರಿನಂತೆ ಕೇಳಿಸಬಹುದು. ಆದರೆ ಇಡೀ ವ್ಯತ್ಯಾಸ ಇರುವುದು ಅಲ್ಲಿಯೇ.

‘ನಾಸ್ತಿಕ’ಕ್ಕೆ ಇಲ್ಲಿ ಹೆಚ್ಚು ಜಾಗ ಬೇಡ. ಪಾಣಿನಿಯ ‘ಅಸ್ತಿ ನಾಸ್ತಿ ದಿಷ್ಟಂ ಮತಿಃ’ ಸೂತ್ರಕ್ಕೆ ವ್ಯಾಖ್ಯಾನಕಾರರು ಪರಲೋಕವಿಲ್ಲ ಎಂಬ ಮತಿಯುಳ್ಳವನು ಎಂದು ಅರ್ಥ ಹೇಳಿದರು; ಮನು ‘ನಾಸ್ತಿಕೋ ವೇದನಿಂದಕಃ’ ಎಂದ; ಈಶ್ವರನನ್ನು ಒಪ್ಪದ ಮೀಮಾಂಸಕರು ವೇದವನ್ನು ಒಪ್ಪಿದ್ದರಿಂದ ಆಸ್ತಿಕರಾಗಿಯೇ ಉಳಿದರು. ವೇದಪ್ರಾಮಾಣ್ಯದ ಈ ಲೆಕ್ಕಕ್ಕೆ ಹಿಡಿದರೆ ಮೊಂತಿ ಹಬ್ಬದ ಊಟ ಹಾಕಿದ ಗೆಳೆಯನೂ ನಾಸ್ತಿಕರ ಸಾಲಿಗೇ ಸೇರುತ್ತಾನೆ. ಕ್ರೈಸ್ತರಿಗೆ ಇದು ಹೊಸ ಅನುಭವವೂ ಅಲ್ಲ. ರೋಮನ್ ಸಾಮ್ರಾಜ್ಯದಲ್ಲಿ ಊರದೇವತೆಗಳಿಗೆ ಕೈಮುಗಿಯದ ಆದಿಕಾಲದ ಕ್ರೈಸ್ತರನ್ನು ದೇವರಿಲ್ಲದವರು ಎಂದೇ ದೂರುತ್ತಿದ್ದರು. ಎರಡನೆಯ ಶತಮಾನದ ಜಸ್ಟಿನ್ ಎಂಬ ಕ್ರೈಸ್ತ ಲೇಖಕ, ನೀವು ದೇವರೆನ್ನುವ ಅವುಗಳ ಮಟ್ಟಿಗೆ ನಾವು ನಾಸ್ತಿಕರೇ ಎಂದು ಒಪ್ಪಿಕೊಂಡಿದ್ದಾನೆ.

ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವ ‘ಅಜ್ಞೇಯವಾದಿ’ಯೂ ಬೇರೆಯೇ. ಆ ಕನ್ನಡ ಪದಕ್ಕೆ ಮೂಲವಾದ ಇಂಗ್ಲಿಷ್ ಪದವನ್ನು 1869ರಲ್ಲಿ ರೂಢಿಗೆ ತಂದವನು ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ. ಅದಕ್ಕಿಂತ ಬಹಳ ಹಿಂದೆಯೇ ಗ್ರೀಕ್ ಸಂಶಯವಾದಿ ಸೆಕ್ಸ್ಟಸ್ ಎಂಪಿರಿಕಸ್ ಹುಡುಕುವವರನ್ನು ಮೂರು ಬಗೆಯಾಗಿ ವಿಂಗಡಿಸಿದ್ದ. ಸತ್ಯ ಸಿಕ್ಕಿತು ಎನ್ನುವವರು, ಅದು ಸಿಗುವಂಥದ್ದೇ ಅಲ್ಲ ಎನ್ನುವವರು, ಇನ್ನೂ ಹುಡುಕುತ್ತಿರುವವರು. ಮೂರನೆಯವರಿಗೆ ಮಾತ್ರ ಅವನು ಸಂಶಯವಾದಿಗಳೆಂಬ ಹೆಸರು ಕೊಟ್ಟ, ಏಕೆಂದರೆ ಆ ಗ್ರೀಕ್ ಪದದ ಮೂಲಾರ್ಥವೇ ಪರಿಶೀಲಿಸಿ ನೋಡುವವನು ಎಂಬುದು.

ಕ್ರೈಸ್ತ ಗೆಳೆಯರ ಜೊತೆ ಮಾತನಾಡುವಾಗ ಹೆಚ್ಚು ಉಪಯೋಗಕ್ಕೆ ಬರುವುದು ಅವರದೇ ಗ್ರಂಥದ ಪದಗಳು. ಮತ್ತಾಯನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ನೀರಿನ ಮೇಲೆ ನಡೆಯಲು ಹೋಗಿ ಮುಳುಗತೊಡಗಿದ ಶಿಷ್ಯ ಪೇತ್ರನನ್ನು ಯೇಸು ಕೈಹಿಡಿದೆತ್ತಿ ‘ಯಾಕೆ ಸಂಶಯಪಟ್ಟೆ’ ಎಂದು ಕೇಳುವಲ್ಲಿರುವ ಗ್ರೀಕ್ ಕ್ರಿಯಾಪದ ‘ದಿಸ್ತಾಜೊ’. ಅದರಲ್ಲಿರುವ ‘ದಿಸ್’ ಎಂದರೆ ಎರಡು ಸಲ. ಲ್ಯಾಟಿನ್ನಿನ ‘ದುಬಿತಾರೆ’ಯಲ್ಲಿ ಎರಡೆಂಬ ಅರ್ಥದ ‘ದುಓ’ ಇದೆ, ಜರ್ಮನ್ನಿನ ‘ತ್ಸ್ವೈಫೆಲ್’ನಲ್ಲಿ ಅದೇ ಅರ್ಥದ ‘ತ್ಸ್ವೈ’ ಇದೆ. ನ್ಯಾಯಶಾಸ್ತ್ರದವರ ಎರಡು ಪಕ್ಷಗಳಿಗೂ ನಾವು ‘ಎರಡು ಮನಸ್ಸಿನಲ್ಲಿದ್ದೇನೆ’ ಎನ್ನುವುದಕ್ಕೂ ಇವುಗಳಿಗೂ ಅರ್ಥದಲ್ಲಿ ಹೆಚ್ಚು ದೂರವಿಲ್ಲ. ಪೇತ್ರ ದೋಣಿಯಲ್ಲೇ ಉಳಿದವನಲ್ಲ, ಅಲೆಯ ಮೇಲೆ ಹೆಜ್ಜೆಯಿಟ್ಟು ಎರಡು ಮನಸ್ಸಾದವನು. ಇದೇ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದು ಕಡೆ ಮಾತ್ರ ಬರುತ್ತದೆ, ಅದೂ ಮತ್ತಾಯನಲ್ಲೇ, 28ನೆಯ ಅಧ್ಯಾಯದ 17ನೆಯ ವಚನದಲ್ಲಿ. ಪುನರುತ್ಥಾನದ ನಂತರ ಗಲಿಲಾಯದ ಬೆಟ್ಟದಲ್ಲಿ ಶಿಷ್ಯರು ಯೇಸುವನ್ನು ಕಂಡು ಅಡ್ಡಬಿದ್ದರು, ಕೆಲವರಾದರೋ ಸಂಶಯಪಟ್ಟರು ಎನ್ನುತ್ತದೆ ಆ ವಚನ. ಆರಾಧನೆಯೂ ಸಂಶಯವೂ ಒಂದೇ ವಾಕ್ಯದಲ್ಲಿವೆ, ಬರೆದವನು ಕ್ಷಮೆಯನ್ನೂ ಕೇಳಿಲ್ಲ, ವಿವರಣೆಯನ್ನೂ ಕೊಟ್ಟಿಲ್ಲ.

ಇನ್ನು ಯೇಸುವಿನ ಇನ್ನೊಬ್ಬ ಶಿಷ್ಯ ತೋಮ. ಸಂಶಯವೆಂದ ಕೂಡಲೇ ಎಲ್ಲರೂ ಎಳೆದು ತರುವುದು ಅವನನ್ನೇ, ಮತ್ತು ಅಲ್ಲಿಯೇ ತಪ್ಪುವುದು. ಯೇಸು ಸತ್ತು ಎದ್ದಿದ್ದಾನೆ ಎಂದು ಉಳಿದವರು ಹೇಳಿದಾಗ, ಗಾಯದ ಗುರುತನ್ನು ಕಂಡು ಬೆರಳಿಟ್ಟು ನೋಡದ ಹೊರತು ನಂಬುವುದೇ ಇಲ್ಲ ಎಂದ ತೋಮನಿಗೆ ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಮಾತಿನಲ್ಲಿ ಸಂಶಯದ ಪದವಿಲ್ಲ. ಅಲ್ಲಿರುವುದು ‘ಅಪಿಸ್ತೊಸ್’, ಅಂದರೆ ನಂಬದವನು. ಗ್ರೀಕಿನ ‘ಅ’ ಉಪಸರ್ಗ ನಮ್ಮ ‘ಅ’ಕಾರದಂತೆಯೇ ನಿಷೇಧಾರ್ಥಕ. ಎರಡು ಮನಸ್ಸಿನವನು ಪೇತ್ರ. ತೋಮನದು ಷರತ್ತು ಹಾಕಿದ ನಿರಾಕರಣೆ. ಆದರೂ ಶತಮಾನಗಳಿಂದ ಸಂಶಯದ ಹೆಸರು ತೋಮನಿಗೇ ಅಂಟಿದೆ. ಜಿಲ್ಲೆಯ ಪೂರ್ವದ ಗುಡ್ಡಗಳಲ್ಲಿ, ರಾಜಪುರದ ಆಸುಪಾಸಿನಲ್ಲಿ 1943ರಿಂದ ನೆಲೆನಿಂತ ಮಲಯಾಳಿ ಕ್ರೈಸ್ತರು ತಮ್ಮ ಸಭೆಯ ಮೂಲವನ್ನು ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದನೆನ್ನಲಾಗುವ ಇದೇ ತೋಮನಲ್ಲಿ ಗುರುತಿಸುತ್ತಾರೆ. ಸಾಕ್ಷ್ಯ ಕೇಳಿದ್ದಕ್ಕಾಗಿ ಯಾರನ್ನಾದರೂ ಹೊರಗಿಡಬೇಕೆಂದು ಆ ಸಂಪ್ರದಾಯದವರು ಹೇಳುವುದು ಅಷ್ಟೊಂದು ಚೆನ್ನಾಗಿ ಕಾಣುವುದಿಲ್ಲ.

ಸಂಶಯವಾದಿಯು ತನ್ನ ಗೆಳೆಯನಿಗೆ ಏನನ್ನು ವಿವರಿಸಬೇಕು ಎಂಬುದೂ ಪದದ ಅರ್ಥದಿಂದಲೇ ಹೊರಡುತ್ತದೆ. ‘ನಿಮ್ಮ ಮತದಲ್ಲಿ ನನಗೆ ಸಂಶಯ’ ಎಂಬುದು ವಾಕ್ಯವೇ ಅಲ್ಲ, ಯಾಕೆಂದರೆ ಮತ ಒಂದು ಹೇಳಿಕೆಯಲ್ಲ. ಯೇಸು ಸತ್ತು ಎದ್ದ ಎಂಬುದು ಹೇಳಿಕೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದಲ್ಲಿ ಆದಿಕಾಲದ ಕ್ರೈಸ್ತ ಬೋಧಕ ಪೌಲನೇ, ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ಬೋಧನೆ ವ್ಯರ್ಥ ಎಂದು ಎಲ್ಲವನ್ನೂ ಆ ಒಂದು ಸಂಗತಿಗೆ ಪಣವಿಟ್ಟು, ಐನೂರಕ್ಕಿಂತ ಹೆಚ್ಚು ಜನ ಒಟ್ಟಿಗೆ ಕಂಡರೆಂದು ಸಾಕ್ಷಿಗಳನ್ನೂ ಮುಂದಿಡುತ್ತಾನೆ. ಸಂಶಯವಾದಿಗೆ ಇದಕ್ಕಿಂತ ಒಳ್ಳೆಯ ಎದುರಾಳಿ ಸಿಗಲಾರ. ಆ ಐನೂರರಲ್ಲಿ ಒಬ್ಬರದೂ ಬರಹ ನಮ್ಮ ಕೈಗೆ ಬಂದಿಲ್ಲ, ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳೆಂದು ಹೆಸರಾದ ನಾಲ್ಕನೆಯ ಶತಮಾನದ ಪ್ರತಿಗಳಲ್ಲಿ ಮಾರ್ಕನ ಸುವಾರ್ತೆ ಸಮಾಧಿಯಿಂದ ಹೆಂಗಸರು ಹೆದರಿ ಓಡಿದಲ್ಲಿಗೇ ನಿಲ್ಲುತ್ತದೆ, ಎದ್ದವನು ಕಾಣಿಸಿಕೊಂಡ ಮುಂದಿನ 12 ವಚನಗಳು ಅಲ್ಲಿಲ್ಲ ಎಂದು ಹೇಳುವುದು ಸಂಶಯ. ಆದ್ದರಿಂದ ಯೇಸು ಎಂಬವನೇ ಇರಲಿಲ್ಲ ಎಂದು ಹಾರುವುದು ಸಂಶಯವಲ್ಲ, ಇನ್ನೊಂದು ನಂಬಿಕೆ, ಅದೂ ಹೆಚ್ಚಿನ ಇತಿಹಾಸಕಾರರು ಒಪ್ಪದ ನಂಬಿಕೆ. ಇಂಥವರನ್ನೂ ನಮ್ಮವರು ಸಂಶಯವಾದಿಗಳೆಂದೇ ಕರೆಯುವುದರಿಂದ ಇದನ್ನು ಹೇಳಬೇಕಾಯಿತು.

ಧ್ಯಾನಕೂಟಗಳಲ್ಲಿ ಕೇಳುವ ಸಾಕ್ಷ್ಯಗಳದ್ದೂ ಇದೇ ಕಥೆ. ಮಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮದ್ದು ಮಾಡಿಸಿಕೊಂಡು, ಜೊತೆಗೆ ಪ್ರಾರ್ಥನೆಯನ್ನೂ ಮಾಡಿಸಿ ಗುಣವಾದವರು ಪ್ರಾರ್ಥನೆಯಿಂದ ಗುಣವಾಯಿತೆಂದು ಹೇಳಿದಾಗ, ಅವರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಗುಮಾನಿ; ಎರಡು ಕಾರಣಗಳು ಒಟ್ಟಿಗಿರುವಾಗ ಒಂದನ್ನೇ ಹೇಗೆ ಆರಿಸಿದಿರಿ ಎಂಬುದು ಸಂಶಯ. ಮೊದಲನೆಯದು ಗೆಳೆತನವನ್ನು ಕೆಡಿಸುತ್ತದೆ, ಕೆಡಿಸಬೇಕಾದದ್ದೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಸಂಶಯ ಹಸ್ತಪ್ರತಿಗಳದ್ದಲ್ಲ. ಎಣ್ಮಕಜೆಯ ಗುಡ್ಡದ ಬದಿಯಲ್ಲಿ ಸ್ವರ್ಗ ಎಂಬ ಹೆಸರಿನ ಊರಿದೆ. ಆ ಭಾಗದ ಗೇರುತೋಟಗಳ ಮೇಲೆ 2000ದವರೆಗೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದರು; ಅಲ್ಲಿ ಹುಟ್ಟಿನಿಂದಲೇ ಎದ್ದು ನಿಲ್ಲಲಾರದ ಮಕ್ಕಳನ್ನು ಕಂಡವರಿಗೆ, ಒಳ್ಳೆಯವನೂ ಸರ್ವಶಕ್ತನೂ ಆದ ದೇವರು ಇದನ್ನು ಏಕೆ ತಡೆಯಲಿಲ್ಲ ಎಂಬ ಪ್ರಶ್ನೆಯನ್ನು ಪುಸ್ತಕದಲ್ಲಿ ಓದಬೇಕಾಗಿಲ್ಲ. ಮನುಷ್ಯನಿಗೆ ದೇವರು ಸ್ವಾತಂತ್ರ್ಯ ಕೊಟ್ಟಿದ್ದಾನೆ, ವಿಷ ಸುರಿದದ್ದು ಮನುಷ್ಯ ಎಂದು ಗೆಳೆಯರು ಹೇಳುತ್ತಾರೆ. ಸುರಿದವನ ಸ್ವಾತಂತ್ರ್ಯ ಅರ್ಥವಾಗುತ್ತದೆ, ಮಗುವಿನ ಪಾಲಿಗೆ ಏನು ಉಳಿಯಿತು ಎಂಬುದು ಅರ್ಥವಾಗುವುದಿಲ್ಲ. ಆದ್ದರಿಂದ ದೇವರಿಲ್ಲ ಎಂದು ಮುಗಿಸುವವನು ನಾಸ್ತಿಕ, ಮತ್ತು ಅವನಿಗೆ ಅವನದೇ ಕಾರಣಗಳಿವೆ. ಈ ವಿವರಣೆ ಸಾಲದು, ಬೇರೆ ಇದ್ದರೆ ಹೇಳಿ ಎನ್ನುವವನು ಸಂಶಯವಾದಿ. ಕಾರಣವಿಲ್ಲದೆ ಕಷ್ಟಕ್ಕೆ ಸಿಕ್ಕಿದವನ ಕಥೆಯಾದ ಬೈಬಲಿನ ಯೋಬನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ದೇವರ ಸಿಟ್ಟಿಗೆ ಗುರಿಯಾಗುವವರು ದೇವರ ಪರವಾಗಿ ಉದ್ದುದ್ದ ಸಮರ್ಥನೆ ಕೊಟ್ಟ ಗೆಳೆಯರು. ಪ್ರಶ್ನೆ ಕೇಳುತ್ತಲೇ ಇದ್ದ ಯೋಬ ಸರಿಯಾಗಿ ಮಾತನಾಡಿದನೆಂದು ದೇವರೇ ಹೇಳುತ್ತಾನೆ.

ನಂಬದವನಿಗೆ ಈ ಗ್ರಂಥಗಳ ಗೊಡವೆ ಏಕೆ ಎಂದು ಕೇಳುವವರು ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆಯಬಹುದು. ಯೇಸುವಿನ ಕೊನೆಯ ದಿನವನ್ನು ಕುರಿತ ‘ಗೊಲ್ಗೊಥಾ’ವನ್ನು ಬರೆಯಲು ಅವರು ಜ್ಞಾನಸ್ನಾನ ಪಡೆಯಬೇಕಾಗಿ ಬರಲಿಲ್ಲ.

ಉಳಿದದ್ದು ‘ಅವಿಶ್ವಾಸಿ’. ಇದು ಮಲಯಾಳದಿಂದ ಗಡಿ ದಾಟಿ ಬಂದ ಬಳಕೆ. ಅಲ್ಲಿ ‘ವಿಶ್ವಾಸಿ’ ಎಂದರೆ ಮತಶ್ರದ್ಧೆಯುಳ್ಳವನು, ಆದ್ದರಿಂದ ‘ಅವಿಶ್ವಾಸಿ’ ಅದಿಲ್ಲದವನು. ಆ ಭಾಷೆಯಲ್ಲಿ ಅದು ಸರಿಯೇ. ಕನ್ನಡದಲ್ಲಿ ವಿಶ್ವಾಸಕ್ಕೆ ಮತಕ್ಕಿಂತ ಮೊದಲು ಪ್ರೀತಿ, ಸಲಿಗೆ, ಭರವಸೆಗಳ ಅರ್ಥವಿದೆ. ಅದರ ಧಾತು ‘ಶ್ವಸ್’, ಉಸಿರಾಡು ಎಂದು. ಅಂಜಿಕೆಯಿಲ್ಲದೆ ಉಸಿರಾಡಬಹುದಾದವರ ಬಳಿ ಇರುವುದು ವಿಶ್ವಾಸ. ಮೂವತ್ತು ವರ್ಷಗಳಿಂದ ಮೊಂತಿ ಹಬ್ಬಕ್ಕೆ ಒಂದೇ ಮನೆಯಲ್ಲಿ ಎಲೆ ಹಾಕಿಸಿಕೊಳ್ಳುವವನನ್ನು ಅವಿಶ್ವಾಸಿ ಎಂದರೆ ಕನ್ನಡದ ಕಿವಿಗೆ ಅವನು ನಂಬಲು ಯೋಗ್ಯನಲ್ಲ ಎಂದಾಗುತ್ತದೆ. ಆ ಪದವನ್ನು ಪಂಚಾಯತಿನಲ್ಲಿ ಅಧ್ಯಕ್ಷರನ್ನು ಇಳಿಸುವ ನಿರ್ಣಯಕ್ಕೆ ಬಿಟ್ಟುಕೊಟ್ಟು, ಬೇರೆಲ್ಲ ಕಡೆ ‘ನಂಬದವರು’ ಎಂದು ಬರೆದರೆ ಯಾರಿಗೂ ನಷ್ಟವಿಲ್ಲ.