ಪದ ಪರಿಚಯ: ಫ್ಲಾಪಿ ಫಾರ್ಮ್ಯಾಟ್

ಈಗ ‘ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡು’ ಎಂದರೆ ಅದರಲ್ಲಿರುವುದನ್ನೆಲ್ಲ ಅಳಿಸು ಎಂದೇ ಅರ್ಥ. ಕಡತಗಳನ್ನು ತೆಳು ಕಾಂತೀಯ ತಟ್ಟೆಯಲ್ಲಿ ಇಡುತ್ತಿದ್ದ ಫ್ಲಾಪಿಯ ಕಾಲದಲ್ಲಿ ಆ ಮಾತು ಬಿತ್ತನೆಗೆ ಮುಂಚೆ ಸಾಲು ಹೊಡೆಯುವ ಕೆಲಸಕ್ಕೆ ಹತ್ತಿರವಿತ್ತು. ಖಾಲಿ ತಟ್ಟೆಯ ಮೇಲೆ ಡ್ರೈವ್ ಕಾಂತೀಯ ಗುರುತು ಹಾಕಿ, ದುಂಡನೆಯ ಟ್ರ್ಯಾಕ್‌ಗಳನ್ನೂ ಅವುಗಳೊಳಗೆ ಸೆಕ್ಟರ್ ಎಂಬ ತುಂಡುಗಳನ್ನೂ ಮಾಡಿಕೊಳ್ಳುತ್ತಿತ್ತು. ಎಷ್ಟು ಟ್ರ್ಯಾಕ್, ಎಷ್ಟು ಸೆಕ್ಟರ್, ಸೊನ್ನೆ-ಒಂದುಗಳನ್ನು ಬರೆಯಲು ಯಾವ ಸಂಕೇತ, ತಟ್ಟೆ ತಿರುಗುವ ವೇಗವೆಷ್ಟು, ಇವೆಲ್ಲ ಸೇರಿ ಫಾರ್ಮ್ಯಾಟ್.

ಒಂದೊಂದು ಕಂಪನಿಯೂ ತನ್ನದೇ ಅಳತೆಯಲ್ಲಿ ಸಾಲು ಹೊಡೆಯಿತು. ತೊಡಕು ಹುಟ್ಟಿದ್ದೇ ಅಲ್ಲಿ. ಆಪಲ್ 2 ಮತ್ತು ಐಬಿಎಂ ಪಿಸಿ ಎಂಬ ಎರಡು ಕಂಪ್ಯೂಟರ್‌ಗಳದ್ದೂ ಐದೂಕಾಲು ಇಂಚಿನ ಕಪ್ಪು ಫ್ಲಾಪಿಯೇ. ಆದರೆ ಆಪಲ್‌ನದು 35 ಟ್ರ್ಯಾಕ್, ಜಿಸಿಆರ್ ಸಂಕೇತ. ಪಿಸಿಯದು 40 ಟ್ರ್ಯಾಕ್, ಎಂಎಫ್‌ಎಂ ಸಂಕೇತ. ಪಿಸಿಯಲ್ಲಿ ಡ್ರೈವ್ ನಡೆಸುವ ಕಂಟ್ರೋಲರ್ ಚಿಪ್‌ಗೆ ಜಿಸಿಆರ್ ಗೊತ್ತೇ ಇಲ್ಲ; ಯಾವ ಸಾಫ್ಟ್‌ವೇರ್ ಹಾಕಿದರೂ ಆ ಚಿಪ್ ಅದನ್ನು ಓದದು. 1984ರ ಮೆಕಿಂಟಾಷ್ ಮೂರೂವರೆ ಇಂಚಿನ ತಟ್ಟೆಯನ್ನು ತಿರುಗಿಸುವ ವೇಗವನ್ನೇ ಟ್ರ್ಯಾಕಿಗೆ ತಕ್ಕಂತೆ ಬದಲಿಸುತ್ತಿತ್ತು. ಕಮೊಡೋರ್ ಕಂಪನಿಯ ಅಮಿಗಾ ಕಂಪ್ಯೂಟರ್ ಬಳಸಿದ್ದು ಎಂಎಫ್‌ಎಂ ಸಂಕೇತವನ್ನೇ. ಆದರೆ ಸೆಕ್ಟರ್‌ಗಳ ನಡುವೆ ಪಿಸಿ ಹುಡುಕುವ ತೆರವನ್ನು ಬಿಡದೆ ಒಂದು ಟ್ರ್ಯಾಕಿಗೆ 11 ಸೆಕ್ಟರ್ ತುಂಬುತ್ತಿತ್ತು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಕೆಟ್ಟ ತೊಡಕು ಒಂದೇ ಮನೆಯೊಳಗಿನದು. 1984ರಲ್ಲಿ ಐಬಿಎಂ ಪಿಸಿ/ಎಟಿ ಬಂದಾಗ ಅದರ 1.2 ಎಂಬಿ ಡ್ರೈವ್‌ನಲ್ಲಿ 80 ಟ್ರ್ಯಾಕ್‌ಗಳಿದ್ದವು. ಅಷ್ಟೇ ಜಾಗದಲ್ಲಿ ಇಮ್ಮಡಿ ಸಾಲು, ಹಾಗಾಗಿ ತಟ್ಟೆಯ ಮೇಲೆ ಓದಿ ಬರೆಯುವ ಭಾಗವಾದ ಹೆಡ್‌ನ ಅಗಲ ಸುಮಾರು ಅರ್ಧ. ಹಳೆಯ ಪಿಸಿಯ 40 ಟ್ರ್ಯಾಕಿನ 360 ಕೆಬಿ ಫ್ಲಾಪಿಯನ್ನು ಅದು ಸಲೀಸಾಗಿ ಓದುತ್ತಿತ್ತು. ಬರೆದರೆ ಮಾತ್ರ ಕಷ್ಟ. ಎಡೆಕುಂಟೆಯ ಕುಳ ಕಿರಿದಾಗಿದ್ದರೆ ಸಾಲಿನ ನಡುವಿನ ಕಳೆಯಷ್ಟೇ ಹೋಗಿ ಅಂಚಿನದು ಉಳಿಯುವ ಹಾಗೆ, ಹಳೆಯ ಅಗಲದ ಟ್ರ್ಯಾಕಿನ ಮೇಲೆ ಹೊಸದು ತೆಳ್ಳಗೆ ಕೂರುತ್ತಿತ್ತು, ಹಳೆಯ ಬರಹ ಪಕ್ಕದಲ್ಲಿ ಉಳಿಯುತ್ತಿತ್ತು. ಎಟಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಅದೇ ಫ್ಲಾಪಿ ಹಳೆಯ ಪಿಸಿಗೆ ಮರಳಿದಾಗ, ಅಗಲದ ಹೆಡ್ ಹೊಸದನ್ನೂ ಹಳೆಯದನ್ನೂ ಒಟ್ಟಿಗೆ ಕೇಳಿಸಿಕೊಂಡು ದೋಷ ತೋರಿಸುತ್ತಿತ್ತು. ಏನನ್ನೂ ಬರೆಯದ ಹೊಚ್ಚಹೊಸ ಫ್ಲಾಪಿಯನ್ನು ಎಟಿಯಲ್ಲೇ 360 ಕೆಬಿಗೆ ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ಈ ಕಾಟವಿರಲಿಲ್ಲ, ಏಕೆಂದರೆ ಅಂಚಿನಲ್ಲಿ ಉಳಿಯಲು ಹಳೆಯದೇ ಇಲ್ಲ.

ಇಂದು ಹಳೆಯ ಫ್ಲಾಪಿಗಳನ್ನು ಉಳಿಸುವವರು ಕ್ರಯೋಫ್ಲಕ್ಸ್, ಗ್ರೀಸ್‌ವೀಸಲ್‌ನಂಥ ಸಾಧನ ಬಳಸುತ್ತಾರೆ. ಇವು ಮೊದಲು ಫಾರ್ಮ್ಯಾಟನ್ನು ಕೇಳುವುದೇ ಇಲ್ಲ. ಕಾಂತೀಯ ಏರಿಳಿತಗಳನ್ನು ಇದ್ದ ಹಾಗೆಯೇ ದಾಖಲಿಸುತ್ತವೆ, ಅರ್ಥ ಬಿಡಿಸುವುದು ಆಮೇಲೆ. ಚಿತ್ರಕಾರ ಆಂಡಿ ವಾರ್ಹಾಲ್ 1985ರ ಹೊತ್ತಿಗೆ ಅಮಿಗಾದಲ್ಲಿ ಬಿಡಿಸಿದ ಚಿತ್ರಗಳನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ ಹೊರತೆಗೆದದ್ದು ಹೀಗೆ. ಅದು ಜಗತ್ತಿಗೆ ತಿಳಿದದ್ದು 2014ರಲ್ಲಿ. ಫ್ಲಾಪಿ ಓದಿದ ಮೇಲೂ ಅವರಿಗೆ ಇನ್ನೊಂದು ಗಂಟು ಎದುರಾಯಿತು: ಚಿತ್ರದ ಕಡತಗಳು ಯಾರೂ ಕಂಡಿರದ ಬಗೆಯವು. ಅದನ್ನೂ ಬಿಡಿಸಿದಾಗ 28 ಚಿತ್ರಗಳು ಕಣ್ಣಿಗೆ ಬಿದ್ದವು.