ರ‍್ಯಾಲಿಕ್ರಾಸ್ ಸೀಸನ್: ಜೋಕರ್ ಲ್ಯಾಪಿನ ಲೆಕ್ಕ, 30 ಅಂಕದ ಲೆಕ್ಕ

ಪುಣೆಯಲ್ಲಿ ರ‍್ಯಾಲಿಕ್ರಾಸ್ ಅಂದರೆ ತುಂಬ ಜನರಿಗೆ ಬಾಲೇವಾಡಿಯ ಬೈಕುಗಳು ನೆನಪಾಗುತ್ತವೆ. 2024ರ ಜನವರಿಯಲ್ಲಿ ಅಲ್ಲಿ ನಡೆದದ್ದು ಸೂಪರ್‌ಕ್ರಾಸ್. ಬೇರೆಯದೇ ಆಟ ಅದು. ನಮ್ಮ ಕಡೆ ನಡೆಯುವ ಆಟೋಕ್ರಾಸ್‌ನಲ್ಲಿ ಕಾರು ಇರುತ್ತದೆ ನಿಜ, ಆದರೆ ಅಲ್ಲಿ ಹೆಚ್ಚಾಗಿ ಒಬ್ಬೊಬ್ಬರನ್ನೇ ಬಿಟ್ಟು ಟೈಮ್ ತೆಗೆಯುತ್ತಾರೆ. ರ‍್ಯಾಲಿಕ್ರಾಸ್‌ನಲ್ಲಿ ಐದಾರು ಕಾರು ಒಟ್ಟಿಗೇ ಹೊರಡುತ್ತವೆ. ಒಂದು ಲ್ಯಾಪ್, ಅಂದರೆ ಟ್ರ್ಯಾಕನ್ನು ಒಮ್ಮೆ ಸುತ್ತಿ ಬರುವುದು, ಸುಮಾರು ಒಂದು ಕಿ.ಮೀ., ಅದರಲ್ಲಿ ಒಂದಷ್ಟು ಡಾಂಬರು, ಒಂದಷ್ಟು ಗರಸು ಮಣ್ಣು. 1967ರ ಫೆಬ್ರುವರಿ 4ರಂದು ಇಂಗ್ಲೆಂಡಿನ ಲಿಡನ್ ಹಿಲ್‌ನಲ್ಲಿ ಟೀವಿಗಾಗಿಯೇ ಹುಟ್ಟಿದ ಆಟ ಇದು. ಆ ಮೊದಲ ದಿನ ಗೆದ್ದವನು ಪೋರ್ಶೆ 911 ಓಡಿಸಿದ ವಿಕ್ ಎಲ್ಫರ್ಡ್. ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 2014ರಲ್ಲಿ, ಒಂದೊಂದು ವಾರಾಂತ್ಯದ 12 ಸುತ್ತುಗಳೊಂದಿಗೆ.

ಈ ಟಿಪ್ಪಣಿಯಲ್ಲಿ ಬರುವ ಅಂಕಪದ್ಧತಿ 2014ರಲ್ಲಿ ಶುರುವಾದ ಹಳೆಯದು. ಆಮೇಲೆ ಮಾದರಿ ಬದಲಾಗಿದೆ. ಕಲಿಯುವವರಿಗೆ ಹಳೆಯದೇ ಒಳ್ಳೆಯದು. ಆಟದ ತರ್ಕ ಅದರಲ್ಲಿ ಬೆತ್ತಲೆಯಾಗಿ ಕಾಣುತ್ತದೆ.

ಒಂದು ವಾರಾಂತ್ಯದ ಚೌಕಟ್ಟು

ಮೊದಲು ನಾಲ್ಕು ಕ್ವಾಲಿಫೈಯಿಂಗ್ ಸರದಿ, ಕ್ಯೂ1ರಿಂದ ಕ್ಯೂ4. ಪ್ರತಿ ಸರದಿಯಲ್ಲೂ ಎಲ್ಲರನ್ನೂ ಐದೈದು ಕಾರಿನ ಹೀಟ್‌ಗಳಾಗಿ ಹಂಚಿ ನಾಲ್ಕು ಲ್ಯಾಪ್ ಓಡಿಸುತ್ತಾರೆ. ನಾಲ್ಕೂ ಸರದಿಯ ಅಂಕ ಕೂಡಿಸಿ ಮಧ್ಯಂತರ ಪಟ್ಟಿ ಮಾಡಿದರೆ ಮೇಲಿನ 12 ಮಂದಿ ಸೆಮಿಫೈನಲ್‌ಗೆ ಹೋಗುತ್ತಾರೆ. ಬೆಸ ಸ್ಥಾನದವರು ಒಂದು ಸೆಮಿ, ಸಮ ಸ್ಥಾನದವರು ಇನ್ನೊಂದು. ತಲಾ ಆರು ಕಾರು, ಆರು ಲ್ಯಾಪ್. ಎರಡರಿಂದಲೂ ಮೊದಲ ಮೂವರು ಫೈನಲ್‌ಗೆ, ಅಲ್ಲೂ ಆರು ಲ್ಯಾಪ್.

ಇಲ್ಲಿ ಒಂದೇ ಒಂದು ಸಂಗತಿಯನ್ನು ಗಟ್ಟಿ ಹಿಡಿದುಕೊಳ್ಳಿ: ಹೀಟ್‌ನಲ್ಲಿ ಗೆದ್ದರೆ ಅಂಕ ಬರುವುದಿಲ್ಲ. ಅಂಕ ಬರುವುದು ನಾಲ್ಕು ಲ್ಯಾಪಿನ ಒಟ್ಟು ಸಮಯಕ್ಕೆ, ಅದೂ ಆ ಸರದಿಯ ಎಲ್ಲ ಹೀಟ್‌ಗಳ ಎಲ್ಲ ಚಾಲಕರ ಜೊತೆ ಹೋಲಿಸಿ. ಮೊದಲನೆಯವನಿಗೆ 50, ಆಮೇಲೆ 45, 42, 40, ಅಲ್ಲಿಂದ ಒಂದೊಂದೇ ಕಡಿಮೆ. ತನ್ನ ಹೀಟ್ ಗೆದ್ದವನು ಸರದಿಯಲ್ಲಿ ಒಂಬತ್ತನೆಯವನಾಗಬಹುದು. ಇನ್ನೊಂದು ವೇಗದ ಹೀಟ್‌ನಲ್ಲಿ ಮೂರನೆಯವನಾಗಿ ಬಂದವನು ಅವನಿಗಿಂತ ಮೇಲಿರಬಹುದು. ಸೆಮಿ, ಫೈನಲ್‌ನಲ್ಲಿ ಮಾತ್ರ ಯಾರು ಮೊದಲು ಗೆರೆ ದಾಟಿದರು ಎಂಬುದೇ ಮುಖ್ಯ. ಈ ವ್ಯತ್ಯಾಸ ತಲೆಗೆ ಹೋಗದಿದ್ದರೆ ಮುಂದಿನ ಜೋಕರ್ ಲೆಕ್ಕ ಪೂರ್ತಿ ಅಡ್ಡದಾರಿ ಹಿಡಿಯುತ್ತದೆ.

ಜೋಕರ್ ಲ್ಯಾಪ್

ಪ್ರತಿ ರೇಸ್‌ನಲ್ಲೂ ಪ್ರತಿಯೊಬ್ಬನೂ ಒಂದು ಲ್ಯಾಪನ್ನು ಉದ್ದದ ಪರ್ಯಾಯ ದಾರಿಯಲ್ಲಿ ಹೋಗಬೇಕು. ಯಾವ ಲ್ಯಾಪ್ ಎಂಬುದು ಅವನಿಗೆ ಬಿಟ್ಟದ್ದು. ಆ ದಾರಿ ಕನಿಷ್ಠ ಎರಡು ಸೆಕೆಂಡ್ ನಿಧಾನವಾಗಿರಬೇಕು ಎಂಬುದು ನಿಯಮ. ಹೀಟ್‌ನಲ್ಲಿ ಜೋಕರ್ ಬಿಟ್ಟರೆ 30 ಸೆಕೆಂಡ್ ದಂಡ. ಸೆಮಿ, ಫೈನಲ್‌ನಲ್ಲಿ ಬಿಟ್ಟರೆ ಆ ರೇಸ್‌ನ ಕೊನೆಯ ಸ್ಥಾನ. ಹಸಿರು ದೀಪಕ್ಕೆ ಮೊದಲೇ ಕದಲಿದವನು ಎರಡು ಸಲ ಜೋಕರ್ ಹಾಕಬೇಕು.

ಲೆಕ್ಕಕ್ಕೆ ಒಂದು ಮಾದರಿ ಟ್ರ್ಯಾಕ್ ಇಟ್ಟುಕೊಳ್ಳೋಣ: ಸಾಮಾನ್ಯ ಲ್ಯಾಪ್ 38 ಸೆಕೆಂಡ್, ಜೋಕರ್ ನಷ್ಟ 2.5 ಸೆಕೆಂಡ್. ನಾಲ್ಕು ಲ್ಯಾಪಿಗೆ 4 × 38 + 2.5 = 154.5 ಸೆಕೆಂಡ್. ಜೋಕರ್ ಒಂದನೇ ಲ್ಯಾಪಿನಲ್ಲಿ ಹಾಕಿದರೂ ನಾಲ್ಕನೆಯದರಲ್ಲಿ ಹಾಕಿದರೂ ಮೊತ್ತ ಅದೇ. ಹಾಗಾದರೆ ಇಷ್ಟೆಲ್ಲ ತಂತ್ರ ಯಾಕೆ? ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಟೋಲ್ ನೆನಪು ಮಾಡಿಕೊಳ್ಳಿ. ಕಟ್ಟುವ ದುಡ್ಡು ಎಲ್ಲರಿಗೂ ಒಂದೇ, ಯಾವ ಹೊತ್ತಿಗೆ ಹೋದರೆ ಎಷ್ಟು ಉದ್ದದ ಸಾಲು ಸಿಗುತ್ತದೆ ಎಂಬುದರಲ್ಲಿ ವ್ಯತ್ಯಾಸ. ಜೋಕರ್‌ನಲ್ಲೂ ಆಟ ಇರುವುದು ಸಾಲಿನಲ್ಲಿ.

ಮೊದಲ ತಿರುವಿನ ಹೊತ್ತಿಗೆ ನಿಮ್ಮ ಚಾಲಕ ಮೂರನೆಯವನು. ಮುಂದಿರುವವನು ಲ್ಯಾಪಿಗೆ 0.7 ಸೆಕೆಂಡ್ ನಿಧಾನ. ಅವನ ಹಿಂದೆಯೇ ಮೂರು ಲ್ಯಾಪ್ ಅಂಟಿಕೊಂಡು ಕೊನೆಯಲ್ಲಿ ಜೋಕರ್ ಹಾಕಿದರೆ 2.1 ಸೆಕೆಂಡ್ ಹೋಯಿತು, ಒಟ್ಟು 156.6. ಒಂದನೇ ಲ್ಯಾಪಿನಲ್ಲೇ ಜೋಕರ್ ಒಳಗೆ ಹೋಗಿ ಖಾಲಿ ರಸ್ತೆ ಸಿಕ್ಕರೆ 154.5. ಹೀಟ್‌ನಲ್ಲಿ ಹಿಂದೆ ಬಿದ್ದವರು ಮೊದಲ ಲ್ಯಾಪಿನಲ್ಲೇ ಜೋಕರ್‌ಗೆ ನುಗ್ಗುವುದು ಇದಕ್ಕೇ. ಐದು ಕಾರಿನಲ್ಲಿ ಮೂವರು ಒಟ್ಟಿಗೆ ನುಗ್ಗಿದರೆ ಸಾಲು ಜೋಕರ್ ಒಳಗೇ ಹುಟ್ಟಿಕೊಳ್ಳುತ್ತದೆ, ಅದು ಬೇರೆ ಮಾತು.

ಪರದೆಯ ಅಂತರ, ನಿಜವಾದ ಅಂತರ

ಎಲ್ಲರೂ ತಡವರಿಸುವ ಜಾಗ ಇದು. ಹಾಗಾಗಿ ನಿಧಾನವಾಗಿ ಹೋಗೋಣ.

ಟೀವಿ ಪರದೆ ತೋರಿಸುವುದು ರಸ್ತೆಯ ಮೇಲಿನ ಅಂತರವನ್ನು. ಯಾರು ಜೋಕರ್ ಸಾಲ ತೀರಿಸಿದ್ದಾರೆ, ಯಾರು ಬಾಕಿ ಇಟ್ಟುಕೊಂಡಿದ್ದಾರೆ ಎಂಬುದು ಆ ಅಂಕಿಯೊಳಗೆ ಸೇರಿರುವುದಿಲ್ಲ. ನಿಜವಾದ ಅಂತರ ಬೇಕಿದ್ದರೆ ನಾವೇ ಕೂಡಿ ಕಳೆಯಬೇಕು. ಇಬ್ಬರದೂ ಮುಗಿದಿದ್ದರೆ, ಅಥವಾ ಇಬ್ಬರದೂ ಬಾಕಿ ಇದ್ದರೆ, ಪರದೆಯ ಅಂಕಿಯೇ ಸರಿ. ಮುಂದಿನವನದು ಬಾಕಿ, ಹಿಂದಿನವನದು ಮುಗಿದಿದೆ ಎಂದಾದರೆ ಪರದೆಯ ಅಂಕಿಯಿಂದ 2.5 ಕಳೆಯಿರಿ. ಉತ್ತರ ಋಣವಾಗಿ ಬಂದರೆ ಹಿಂದಿನವನೇ ನಿಜವಾಗಿ ಮುಂದೆ. ಮುಂದಿನವನದು ಮುಗಿದಿದೆ, ಹಿಂದಿನವನದು ಬಾಕಿ ಎಂದಾದರೆ 2.5 ಕೂಡಿಸಿ.

ಈಗ ಲ್ಯಾಪ್ ಲ್ಯಾಪಾಗಿ. ಅ ಮುಂದೆ, ಬ ಅವನಿಂದ 0.5 ಸೆಕೆಂಡ್ ಹಿಂದೆ. ಖಾಲಿ ರಸ್ತೆ ಸಿಕ್ಕರೆ ಬ ಲ್ಯಾಪಿಗೆ 0.3 ವೇಗ. ಬ ಒಂದನೇ ಲ್ಯಾಪಿನಲ್ಲಿ ಜೋಕರ್ ಹಾಕಿದ.

ಲ್ಯಾಪ್ 1 ಮುಗಿದಾಗ ಪರದೆಯಲ್ಲಿ ಅಂತರ 3.0. ನಿಜವಾದದ್ದು 3.0 − 2.5 = 0.5, ಅಂದರೆ ಮೊದಲಿದ್ದಷ್ಟೇ. ಬ ಏನೂ ಕಳೆದುಕೊಂಡಿಲ್ಲ.
ಲ್ಯಾಪ್ 2: ಪರದೆ 2.7, ನಿಜ 0.2.
ಲ್ಯಾಪ್ 3: ಪರದೆ 2.4, ನಿಜ −0.1.

ಮೂರನೇ ಲ್ಯಾಪಿನ ಕೊನೆಗೆ ಪರದೆ ನೋಡುವವರು "ಅ ಆರಾಮವಾಗಿದ್ದಾನೆ, 2.4 ಸೆಕೆಂಡ್ ಮುಂದಿದ್ದಾನೆ" ಅನ್ನುತ್ತಾರೆ. ಅವನು ಆಗಲೇ ಸೋತಾಗಿದೆ. ನಾಲ್ಕನೇ ಲ್ಯಾಪಿನಲ್ಲಿ ಅ ಜೋಕರ್‌ಗೆ ಹೋಗುತ್ತಾನೆ, ಬ ಇನ್ನೂ 0.3 ಗಳಿಸುತ್ತಾನೆ, 0.4 ಸೆಕೆಂಡ್ ಮುಂದೆ ಗೆರೆ ದಾಟುತ್ತಾನೆ. ತಾಳೆ ನೋಡುವುದು ಸುಲಭ: ಇಬ್ಬರಿಗೂ 2.5 ನಷ್ಟ ಒಂದೊಂದು ಸಲ, ಅದು ವಜಾ. ಉಳಿದದ್ದು ಮೊದಲಿನ 0.5 ಮತ್ತು ಮೂರು ಲ್ಯಾಪಿನ 0.9. ವ್ಯತ್ಯಾಸ 0.4.

ಎರಡನೇ ಲೆಕ್ಕ, ಒಳಗೆ ಹೋದರೆ ಎಲ್ಲಿ ಬಂದು ಬೀಳುತ್ತೇವೆ ಎಂಬುದು. ಹಿಂದಿನ ಕಾರು 2.5 ಸೆಕೆಂಡಿಗಿಂತ ದೂರದಲ್ಲಿದ್ದರೆ ಅದರ ಮುಂದೆಯೇ ಹೊರಬರುತ್ತೀರಿ. 1.8ರಲ್ಲಿದ್ದರೆ ಅದರ 0.7 ಹಿಂದೆ. ಆ ಕಾರಿನ ಜೋಕರ್ ಬಾಕಿ ಇದ್ದರೆ ನಿಜವಾದ ಲೆಕ್ಕದಲ್ಲಿ ನೀವೇ 1.8 ಮುಂದೆ. ಆದರೂ ಅವನು ಒಳಗೆ ಹೋಗುವ ತನಕ ಅವನ ಧೂಳು ತಿನ್ನುತ್ತೀರಿ. ಇಲ್ಲಿ ಹೀಟ್ ಮತ್ತು ಫೈನಲ್ ಬೇರೆಬೇರೆ ದಾರಿ ಹಿಡಿಯುತ್ತವೆ. ಹೀಟ್‌ನಲ್ಲಿ ಸಿಕ್ಕಿಹಾಕಿಕೊಂಡ ಪ್ರತಿ ಹತ್ತನೇ ಒಂದು ಸೆಕೆಂಡೂ ಬೇರೆ ಹೀಟ್‌ನವರಿಗೆ ಲಾಭ. ಫೈನಲ್‌ನಲ್ಲಿ, ನಿಮ್ಮ ನಿಜವಾದ ಎದುರಾಳಿಯೂ ಅದೇ ಸಾಲಿನಲ್ಲಿ ಸಿಕ್ಕಿದ್ದರೆ, ನಿಧಾನವಾದರೂ ಏನೂ ಹೋಗುವುದಿಲ್ಲ. ಈ ಎರಡೂ ಲೆಕ್ಕವನ್ನು ಎತ್ತರದಲ್ಲಿ ನಿಂತು ಮಾಡಿ ರೇಡಿಯೋದಲ್ಲಿ ಹೇಳುವವನೇ ಸ್ಪಾಟರ್. ಚಾಲಕನಿಗೆ ಇಷ್ಟು ಕೂಡಿ ಕಳೆಯಲು ಪುರುಸೊತ್ತಿಲ್ಲ.

ಜೋಕರ್ ನಷ್ಟ ಟ್ರ್ಯಾಕಿನಿಂದ ಟ್ರ್ಯಾಕಿಗೆ ಬೇರೆ, ಅದನ್ನು ನಾವೇ ಅಳೆಯಬೇಕು. ಒಬ್ಬನ ಲ್ಯಾಪ್ ಸಮಯ 2ರಲ್ಲಿ 38.1, 3ರಲ್ಲಿ 40.6 (ಜೋಕರ್), 4ರಲ್ಲಿ 38.2 ಎಂದಿಟ್ಟುಕೊಳ್ಳಿ. ಆಚೀಚಿನ ಎರಡರ ಸರಾಸರಿ 38.15, ನಷ್ಟ 2.45. ಒಂದನೇ ಲ್ಯಾಪಿನಲ್ಲಿ ಜೋಕರ್ ಹಾಕಿದವನ ಸಮಯದಿಂದ ಇದನ್ನು ತೆಗೆಯಬೇಡಿ. ನಿಂತಲ್ಲಿಂದ ಹೊರಟದ್ದರಿಂದ ಆ ಲ್ಯಾಪಿನಲ್ಲಿ ಬೇರೆ ಸೆಕೆಂಡುಗಳೂ ಬೆರೆತಿರುತ್ತವೆ, ನಷ್ಟ ಹಿಗ್ಗಿ ಕಾಣುತ್ತದೆ. ಬೆಳಗಿನ ಅಂಕಿಯನ್ನು ಸಂಜೆಗೂ ಹಾಗೇ ಇಟ್ಟುಕೊಳ್ಳಬಾರದು. ಜೋಕರ್ ದಾರಿಯಲ್ಲಿ ಕಾರು ಓಡಾಡುವುದು ಕಡಿಮೆ, ಸಡಿಲ ಗರಸು ಹೆಚ್ಚು. ಹೀಟ್ ಮುಗಿಯುತ್ತ ಬಂದಂತೆ ಅದು ಪಕ್ಕಕ್ಕೆ ಸರಿದು ನಷ್ಟ ಕಡಿಮೆಯಾಗಬಹುದು, ನೀರು ಹಾಕಿದರೆ ಮತ್ತೆ ಏರಬಹುದು. ಗೋವಾದ ಕೆಮ್ಮಣ್ಣಿನ ರಸ್ತೆಯಲ್ಲಿ ಮೊದಲ ಮಳೆಗೆ ಗಾಡಿ ಓಡಿಸಿದವರಿಗೆ ನೀರು ಬಿದ್ದ ಮಣ್ಣಿನ ಗುಣ ಬಿಡಿಸಿ ಹೇಳಬೇಕಿಲ್ಲ.

30 ಅಂಕ

ಒಂದು ಸುತ್ತಿನಲ್ಲಿ ಚಾಂಪಿಯನ್‌ಶಿಪ್‌ಗೆ ಸಿಗುವ ಗರಿಷ್ಠ ಅಂಕ 30; ಮೇಲೆ ಹೇಳಿದ 50, 45ರ ಅಂಕ ಮಧ್ಯಂತರ ಪಟ್ಟಿ ಮಾಡಲು ಮಾತ್ರ. ಮಧ್ಯಂತರ ಪಟ್ಟಿಗೆ 16, 15, 14… ಹೀಗೆ 16ನೆಯವನಿಗೆ 1. ಸೆಮಿಗೆ 6, 5, 4, 3, 2, 1. ಫೈನಲ್‌ಗೆ 8, 5, 4, 3, 2, 1. ಅರ್ಧಕ್ಕಿಂತ ಹೆಚ್ಚು ಅಂಕ ಯಾರೂ ಕಪ್ ಎತ್ತದ ಹೀಟ್‌ಗಳಲ್ಲಿದೆ.

ಮಧ್ಯಂತರದಲ್ಲಿ 6ನೆಯವನಾಗಿ, ಸೆಮಿಯಲ್ಲಿ 3ನೆಯವನಾಗಿ, ಫೈನಲ್ ಗೆದ್ದವನಿಗೆ 11 + 4 + 8 = 23. ಮಧ್ಯಂತರದಲ್ಲಿ ಮೊದಲು, ಸೆಮಿ ಗೆಲುವು, ಫೈನಲ್‌ನಲ್ಲಿ ನಾಲ್ಕನೆಯವನಾದವನಿಗೆ 16 + 6 + 3 = 25. ಷಾಂಪೇನ್ ಒಬ್ಬನಿಗೆ, ಅಂಕ ಇನ್ನೊಬ್ಬನಿಗೆ. 2019ರ ಸೀಸನ್ ಇದಕ್ಕೆ ಸಾಕ್ಷಿ: ಟಿಮ್ಮಿ ಹ್ಯಾನ್ಸನ್ ನಾಲ್ಕು ಸುತ್ತು ಗೆದ್ದ, ಆಂಡ್ರಿಯಾಸ್ ಬಾಕ್ಕೆರುಡ್ ಒಂದನ್ನೂ ಗೆಲ್ಲಲಿಲ್ಲ, ಕೊನೆಗೆ ಇಬ್ಬರಿಗೂ 211 ಅಂಕ. ಗೆಲುವುಗಳ ಎಣಿಕೆಯಿಂದ ಪಟ್ಟ ಹ್ಯಾನ್ಸನ್‌ಗೆ ಹೋಯಿತು. ಇದಕ್ಕೆ ತದ್ವಿರುದ್ಧ 2018: ಯೊಹಾನ್ ಕ್ರಿಸ್ಟೊಫರ್ಸನ್ 12ರಲ್ಲಿ 11 ಸುತ್ತು ಗೆದ್ದ, ಅಲ್ಲಿ ಯಾವ ಲೆಕ್ಕವೂ ಬೇಕಾಗಲಿಲ್ಲ. ಕಲಿಯುವುದಕ್ಕೆ 2019 ಹಿಡಿಯಿರಿ, 2018ರಲ್ಲಿ ಬೆರಗುಪಡುವುದು ಬಿಟ್ಟು ಬೇರೆ ಕೆಲಸ ಇಲ್ಲ.

ಕಾರು, ಚುಟುಕಾಗಿ

ಪೆಟ್ರೋಲ್ ಸೂಪರ್‌ಕಾರ್ (ಮೇಲಿನ ದರ್ಜೆಯ ಕಾರು): 2 ಲೀಟರ್ ಟರ್ಬೊ, 45 ಮಿ.ಮೀ. ರಿಸ್ಟ್ರಿಕ್ಟರ್ (ಎಂಜಿನ್‌ಗೆ ಹೋಗುವ ಗಾಳಿಗೆ ಮಿತಿ ಹಾಕುವ ಕಿರುದಾರಿ), ಸುಮಾರು 600 ಎಚ್‌ಪಿ, ನಾಲ್ಕೂ ಚಕ್ರಕ್ಕೆ ಶಕ್ತಿ, ಆರು ಗೇರಿನ ಸೀಕ್ವೆನ್ಶಿಯಲ್ (ಗೇರು ಸಾಲಾಗಿ ಒಂದೊಂದೇ ಬದಲಾಗುವ) ಗೇರ್‌ಬಾಕ್ಸ್, ಸೊನ್ನೆಯಿಂದ 100 ಕಿ.ಮೀ.ಗೆ ಎರಡು ಸೆಕೆಂಡಿನ ಆಸುಪಾಸು. 2017ರಿಂದ ವಿಶ್ವ ರ‍್ಯಾಲಿ ಕಾರಿಗೆ ಇದ್ದ ರಿಸ್ಟ್ರಿಕ್ಟರ್ 36 ಮಿ.ಮೀ.; ಎಂಜಿನ್ ಎಷ್ಟು ಗಾಳಿ ಎಳೆಯಬಲ್ಲದು ಎಂಬ ಅಂತರವೇ ಶಕ್ತಿಯ ಅಂತರ. ರೇಡಿಯೇಟರ್ ಹಿಂಬದಿಯ ಡಿಕ್ಕಿಯಲ್ಲಿರುತ್ತದೆ. ಮುಂದಿದ್ದರೆ ಮೊದಲ ತಿರುವಿನ ಗುದ್ದಾಟಕ್ಕೇ ಒಡೆಯುತ್ತದೆ, ಒಡೆಯದಿದ್ದರೆ ಕೆಸರು ಮೆತ್ತಿ ಎಂಜಿನ್ ಬಿಸಿಯೇರುತ್ತದೆ. ಹೆಚ್ಚಾಗಿ ಕೈಕೊಡುವುದು ಚಕ್ರಕ್ಕೆ ಚಕ್ರ ತಾಗಿ ಬಾಗುವ ಸ್ಟೀರಿಂಗ್ ರಾಡ್, ಪಕ್ಕದ ಕಾರಿನ ಅಂಚಿಗೆ ಸೀಳುವ ಟೈರ್.

2022ರಲ್ಲಿ ಮೇಲಿನ ದರ್ಜೆ ವಿದ್ಯುತ್ ಕಾರುಗಳಿಗೆ ಬದಲಾಯಿತು, ಎರಡು ಮೋಟಾರ್ ಸೇರಿ 500 ಕಿಲೋವ್ಯಾಟ್. 2023ರ ಜುಲೈಯಲ್ಲಿ ಲಿಡನ್ ಹಿಲ್‌ನ ಪ್ಯಾಡಕ್‌ನಲ್ಲಿ (ತಂಡಗಳು ಕಾರು ನಿಲ್ಲಿಸುವ ಜಾಗ) ಬೆಂಕಿ ಬಿದ್ದು ಎರಡು ಲಾನ್ಸಿಯಾ ಕಾರು ಸುಟ್ಟವು, ಆ ವರ್ಷದ ಉಳಿದ ಸುತ್ತುಗಳು ಕೆಳದರ್ಜೆಯ ವಿದ್ಯುತ್ ಕಾರುಗಳಲ್ಲಿ ನಡೆದವು. 2024ರಲ್ಲಿ ಪೆಟ್ರೋಲ್ ಮಾದರಿಯ ಎಂಜಿನ್ ಮತ್ತು ವಿದ್ಯುತ್ ಎರಡನ್ನೂ ಒಂದೇ ಗ್ರಿಡ್‌ನಲ್ಲಿ ನಿಲ್ಲಿಸಿದರು. ಜೋಕರ್ ಲೆಕ್ಕ ಮಾತ್ರ ಎರಡಕ್ಕೂ ಅದೇ.

ಮಾಡಿ ನೋಡಿ

ಫೈನಲ್, ಆರು ಲ್ಯಾಪ್, ಜೋಕರ್ ನಷ್ಟ 2.2. ನಾಲ್ಕನೇ ಲ್ಯಾಪ್ ಮುಗಿದಿದೆ. ಪ ಮುಂದೆ (ಬಾಕಿ). ಅವನಿಂದ ಫ 1.0 ಹಿಂದೆ (ಬಾಕಿ), ಬ 1.9 ಹಿಂದೆ (ಮುಗಿದಿದೆ), ಭ 4.0 ಹಿಂದೆ (ಮುಗಿದಿದೆ). ನಿಜವಾಗಿ ಯಾರು ಮುಂದೆ? ಪ ಯಾವಾಗ ಒಳಗೆ ಹೋಗಬೇಕು?

ಬಾಕಿ ಇದ್ದವರಿಗೆ 2.2 ಕೂಡಿಸಿ: ಪ 2.2, ಫ 3.2, ಬ 1.9, ಭ 4.0. ಬ ಮುಂದೆ, ಪ ಅವನಿಂದ 0.3 ಹಿಂದೆ, ಫ 1.3, ಭ 2.1. ಪ ಐದರಲ್ಲಿ ಒಳಗೆ ಹೋದರೆ ಬ ಹಿಂದೆ 0.3ರಲ್ಲಿ ಬಂದು ಬೀಳುತ್ತಾನೆ. ಆಮೇಲೆ ಅವನ ಧೂಳಿನಲ್ಲೇ ರಸ್ತೆಯ ಮೇಲೆ ಹಿಂದಿಕ್ಕಬೇಕು. ಹೊರಗೇ ಉಳಿದರೆ ಖಾಲಿ ರಸ್ತೆಯಲ್ಲಿ 0.3ಕ್ಕಿಂತ ತುಸು ಹೆಚ್ಚು ಗಳಿಸಿದರೆ ಸಾಕು. ಜೊತೆಗೆ ಫ ಕೂಡ ಹೊರಗೆ ಉಳಿದು, ಬ ಅವನ ಬೆನ್ನಿಗೆ ಬಂದು ತಾಗಿದರೆ ಪ ಕೆಲಸ ಇನ್ನೂ ಹಗುರ. ಹಾಗಾಗಿ ಆರನೇ ಲ್ಯಾಪ್. ಫ ಐದರಲ್ಲೇ ಒಳಗೆ ಹೋದರೆ ಅವನು ಬ ಮತ್ತು ಭ ನಡುವಿನ ಖಾಲಿ ಜಾಗಕ್ಕೆ, ಭ ಮುಂದೆ 0.8ರಲ್ಲಿ ಬಂದು ಬೀಳುತ್ತಾನೆ. ಆಗ ಬ ಎದುರಿಗೂ ರಸ್ತೆ ಖಾಲಿ, ಪ ಆ 0.3ನ್ನು ಯಾರ ಸಹಾಯವೂ ಇಲ್ಲದೆ ತೆಗೆಯಬೇಕು.