ಮೊದಲು ಮೊತ್ತ, ಆಮೇಲೆ ಲೆಕ್ಕ

ಸಾಲ ಇತ್ಯರ್ಥದ ಕಡತ ಕೈಗೆ ಬಂದರೆ ಲೆಕ್ಕಪರಿಶೋಧಕನಾಗಿ ನಾನು ಮೊದಲು ನೋಡೋದು ಎರಡೇ ಹೆಸರು. ಸಾಲ ಮಾಡಿದವರು ಯಾರು, ತೀರಿಸುತ್ತಿರುವವರು ಯಾರು? ಅಮೆರಿಕದ ಇಂಡಿಯಾನಾದಲ್ಲಿದ್ದ ಮಯಾಮಿ ಬುಡಕಟ್ಟಿನ ಕಡತದಲ್ಲಿ ಇವೆರಡೂ ಹೊಂದುವುದಿಲ್ಲ. (ಫ್ಲೋರಿಡಾದ ಮಯಾಮಿ ಊರಿಗೂ ಇವರಿಗೂ ಸಂಬಂಧವಿಲ್ಲ.)

1840ರ ನವೆಂಬರ್‌ನಲ್ಲಿ ವಾಬಾಶ್ ನದಿಯ ಬಳಿ ಮಯಾಮಿಗಳಿಗೂ ಅಮೆರಿಕ ಸರ್ಕಾರಕ್ಕೂ ಒಪ್ಪಂದವಾಯಿತು. ಇಂಡಿಯಾನಾದಲ್ಲಿ ಬುಡಕಟ್ಟಿನ ಹೆಸರಲ್ಲಿ ಉಳಿದಿದ್ದ ಭೂಮಿಯನ್ನು ಮಯಾಮಿಗಳು ಬಿಟ್ಟುಕೊಟ್ಟು, ಐದು ವರ್ಷದೊಳಗೆ ಪಶ್ಚಿಮಕ್ಕೆ ಹೊರಡಬೇಕು. ಬೆಲೆ 5,50,000 ಡಾಲರ್. ಅದರಲ್ಲಿ 3,00,000 ಸಾಲದ ಬಾಬ್ತಿಗೆ ಎತ್ತಿಟ್ಟರು. ಮಿಕ್ಕ 2,50,000 ಮಯಾಮಿಗಳಿಗೆ, ಅದೂ ವರ್ಷಕ್ಕೆ 12,500ರಂತೆ 20 ಕಂತಿನಲ್ಲಿ. ಭೂಮಿ ಕೊಟ್ಟವರ ಪಾಲೇ ಕಡಿಮೆ!

ಇಷ್ಟೊಂದು ಸಾಲ ಎಲ್ಲಿಂದ ಬಂತು? ವ್ಯಾಪಾರಿಗಳು ಒಬ್ಬೊಬ್ಬರ ಹೆಸರಿಗೆ ಉದ್ರಿ ಬರೆಯುತ್ತಿದ್ದರು. ತೀರದಿದ್ದರೂ ಚಿಂತೆಯಿರಲಿಲ್ಲ. ಮುಂದಿನ ಒಪ್ಪಂದದಲ್ಲಿ ಅದನ್ನು ಇಡೀ ಬುಡಕಟ್ಟಿನ ತಲೆಗೆ ಕಟ್ಟಬಹುದಿತ್ತು. 1838ರ ಒಪ್ಪಂದದಲ್ಲೂ 1,50,000 ಡಾಲರ್ ಹೀಗೇ ಹೋಗಿತ್ತು. ಇದು ಸುಮ್ನೆ ಬೆಳೆದ ರೂಢಿಯಲ್ಲ. ಮುಖಂಡರು ಸಾಲದಲ್ಲಿ ಬಿದ್ದರೆ ಭೂಮಿ ಕೊಟ್ಟು ತೀರಿಸಲು ಒಪ್ಪುತ್ತಾರೆ ಎಂದು ಅಧ್ಯಕ್ಷ ಜೆಫರ್ಸನ್ 1803ರಲ್ಲೇ ಇಂಡಿಯಾನಾ ಪ್ರಾಂತ್ಯದ ಗವರ್ನರ್ ಹ್ಯಾರಿಸನ್‌ಗೆ ಬರೆದಿದ್ದರು.

ಹಾಗಂತ ಪರಿಶೀಲನೆ ಇರಲಿಲ್ಲ ಅಂತಲ್ಲ. ಅಧ್ಯಕ್ಷರು ನೇಮಿಸುವ ಕಮಿಷನರ್ ಪ್ರತಿ ಕ್ಲೇಮಿನ ಮೂಲ ಕಾರಣ ನ್ಯಾಯವೇ ಎಂದು ನೋಡಬೇಕಿತ್ತು, ಪ್ರೋನೋಟು ಇರಲಿ, ಕೋರ್ಟ್ ತೀರ್ಪೇ ಇರಲಿ. ಈ ಷರತ್ತು ನಿಜಕ್ಕೂ ಗಟ್ಟಿಯಾದದ್ದು. ತೀರ್ಪು ಬಂದ ಸಾಲದ ಬುಡ ಕೆದಕಲು ನಮಗೆ ಈಗಲೂ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆದರೆ ಕ್ರಮ ಉಲ್ಟಾ. ಕ್ಲೇಮು ತಾಳೆ ನೋಡಿ ಮೊತ್ತ ಬರೆಯಬೇಕು. ಇಲ್ಲಿ ಮೊತ್ತ ಮೊದಲೇ ನಿಗದಿಯಾಗಿತ್ತು. ಇಷ್ಟು ಹಣ ಎತ್ತಿಟ್ಟಿದ್ದಾರೆ ಅಂತ ಗೊತ್ತಾದ ಮೇಲೆ ಕ್ಲೇಮುಗಳು ಕಡಿಮೆ ಬರುತ್ತವಾ?

ಇನ್ನೊಂದು ತೊಡಕೂ ಇತ್ತು. ಮುಖ್ಯಸ್ಥ ರಿಚರ್ಡ್‌ವಿಲ್ ಸ್ವತಃ ವ್ಯಾಪಾರಿ. ಬುಡಕಟ್ಟಿನಿಂದ ಅವರಿಗೆ ಬರಬೇಕಾದ ಬಾಕಿ ಎಂದು ಅದೇ ಒಪ್ಪಂದ 25,000 ಡಾಲರ್ ಕೊಡಿಸಿತು. ಜನರ ಪರವಾಗಿ ಮಾತಾಡುವವರೇ ಸಾಲ ಕೊಟ್ಟವರ ಸಾಲಿನಲ್ಲೂ ಇದ್ದರೆ ಅವರ ಸಹಿ ಸಾಲದು. ನಾನಾಗಿದ್ದರೆ ಇನ್ನೊಬ್ಬರ ಒಪ್ಪಿಗೆ ಕೇಳುತ್ತಿದ್ದೆ.

ಒಪ್ಪಂದಗಳಲ್ಲಿ ಸಾಲ ತೀರಿಸುವ ಷರತ್ತು ಸೇರಿಸಬಾರದು ಎಂದು ಸೆನೆಟ್ ನಿರ್ಣಯಿಸಿದ್ದು 1843ರಲ್ಲಿ. ಮಯಾಮಿಗಳ ಸಹಿ ಅಷ್ಟರಲ್ಲಿ ಆಗಿಹೋಗಿತ್ತು. 1846ರ ಅಕ್ಟೋಬರ್‌ನಲ್ಲಿ ಇಂಡಿಯಾನಾದ ಪೆರು ಊರಿನಿಂದ ಸೈನಿಕರ ಕಾವಲಿನಲ್ಲಿ ಮುನ್ನೂರಕ್ಕೂ ಜಾಸ್ತಿ ಜನರನ್ನು ಕಾಲುವೆ ದೋಣಿಗಳಿಗೆ ಹತ್ತಿಸಿದರು. ಸಾಗಿಸುವ ಉಸ್ತುವಾರಿ ಕೊಕಿಯಾರ್ ಎಂಬ ತುಪ್ಪಳದ ವ್ಯಾಪಾರಿಯದು. ವಾರ್ಷಿಕ ಹಣವನ್ನು ನೇರವಾಗಿ ಕುಟುಂಬಗಳಿಗೆ ಕೊಡಲು ದಾರಿ ಮಾಡಿದ ಕಾನೂನು ಬಂದಿದ್ದು ಅದಾಗಿ ಐದು ತಿಂಗಳಿಗೆ, 1847ರ ಮಾರ್ಚ್‌ನಲ್ಲಿ.